ಬಿಲ್ಲೆಯ ಮೇಲೆ ಎರಡಕ್ಷರ

ಮಾರ್ಚ್ 4

ಅಪ್ಪ,

ನಾನು ಕೆಲಸ ಮಾಡುತ್ತಿರುವುದು ಬಹುಮಾನದ ಕಪ್ಪು ಮಾರುವ ಅಂಗಡಿಯಲ್ಲಲ್ಲ, ಬಂದೂಕಿನ ಅಂಗಡಿಯಲ್ಲಿ. ಮನೆ ಬಿಟ್ಟು ಬಂದಾಗಿನಿಂದ ಇದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಇಲ್ಲಿ ಕಪ್ಪುಗಳ ಮೇಲೂ ಹೆಸರು ಕೆತ್ತುತ್ತೇವೆ, ಆ ಮಟ್ಟಿಗೆ ನಾನು ಬರೆದದ್ದು ನಿಜ. ಉಳಿದದ್ದು ಸುಳ್ಳು.

ನೀವು ಕಾವಲಿದ್ದ ಗಿರಣಿಯ ಸಂಬಳದ ಗಾಡಿಯ ಮೇಲೆ ಬಿದ್ದ ದರೋಡೆಕೋರರ ಕೈಯಲ್ಲಿ ನಿಮ್ಮ ಜೊತೆಗಾರ ಕೀಲಿ ಮಾಮ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಬಂದೂಕು ಎನ್ನುವ ಮಾತನ್ನೇ ಯಾರೂ ಬಾಯಿಗೆ ತರುತ್ತಿರಲಿಲ್ಲ. ನಿಮ್ಮ ಬಂದೂಕು ಬೀರುವಿನ ಹಿಂದೆ ಹಳೇ ಕಂಬಳಿ ಸುತ್ತಿಕೊಂಡು ನಿಂತಿತ್ತು. ನೀವು, ಅಮ್ಮ, ನಾನು, ಮೂವರೂ ಬೀರುವಿನ ಕಡೆ ನೋಡದೆ ಓಡಾಡುತ್ತಿದ್ದೆವು. ಅಂಥ ಮನೆಗೆ ನನಗೆ ಇಂಥಾ ಕಡೆ ಕೆಲಸ ಸಿಕ್ಕಿದೆ ಎಂದು ಹೇಗೆ ಬರೆಯಲಿ? ಆದರೆ ಪ್ರತಿ ಕಾಗದದಲ್ಲೂ ಕಪ್ಪು, ಕಪ್ಪು ಎಂದು ಬರೆದು ಬರೆದು ನನಗೇ ವಾಕರಿಕೆ ಬಂತು. ಬೈಯುವುದಿದ್ದರೆ ಬೈಯಿರಿ.

ಅಂಗಡಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಯಾರ ದೊಡ್ಡಮ್ಮನೂ ಅಲ್ಲ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಊಟದ ಹೊತ್ತಿನವರೆಗೂ ತೆಗೆಯುವುದಿಲ್ಲ, ಗಿರಾಕಿಗಳ ಮುಖವನ್ನೂ ಅದರಲ್ಲೇ ನೋಡಿ ಮಾತಾಡುತ್ತಾರೆ. ಕೆಲಸ ಕೇಳಿಕೊಂಡು ಹೋದ ದಿನ ನನ್ನನ್ನೂ ಹಾಗೆಯೇ ನೋಡಿದರು.

“ಶಾಲೆ ಯಾಕೆ ಬಿಟ್ಟೆ?”

“ಕೂರೋಕೆ ಆಗ್ಲಿಲ್ಲ.”

“ಇಲ್ಲಿ ಕೂರೋದೇ ಕೆಲ್ಸ.”

“ನೋಡೋಣ” ಅಂದೆ. ನೋಡೋಣ ಎನ್ನಬೇಕಾದದ್ದು ಅವರು. ಆದರೂ ಇಟ್ಟುಕೊಂಡರು.

ನಿಜ ಹೇಳಬೇಕೆಂದರೆ ಕೂರುವುದು ಈಗ ಕಷ್ಟವಾಗುತ್ತಿಲ್ಲ. ಕೆತ್ತುವ ಬೆಳ್ಳಿಯನ್ನು ಅರಗಿನಲ್ಲಿ ಕೂರಿಸಿ, ಆ ಅರಗನ್ನು ಚೆಂಡಿನಂಥ ಒಂದು ಕಬ್ಬಿಣದ ಗುಂಡಿನ ಮೇಲೆ ಹಿಡಿಸುತ್ತೇವೆ. ಅಕ್ಷರ ಬಳುಕುವ ಕಡೆ ಉಳಿಯನ್ನು ತಿರುಗಿಸಬಾರದು, ಕೈ ನಿಂತಲ್ಲೇ ನಿಂತಿರಬೇಕು. ಗುಂಡು ತಿರುಗುತ್ತದೆ. ನನ್ನ ಬದಲು ಅದು ತಿರುಗುತ್ತದಲ್ಲ ಅಂತ ನಾನು ಸುಮ್ಮನಿರುತ್ತೇನೆ.

ಬಂದೂಕಿನ ಕೆಲಸದಲ್ಲಿ ನನಗೆ ಕೊಡುವುದು ಒಂದೇ ಭಾಗ. ಹೆಗಲಿಗೆ ಆನಿಸಿಕೊಳ್ಳುವ ಮರವಿದೆಯಲ್ಲ, ಅದರ ಕೆಳ ಅಂಚಿನಲ್ಲಿ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ ಬೆಳ್ಳಿ ಬಿಲ್ಲೆ ಇರುತ್ತದೆ, ಮೊಟ್ಟೆಯ ಆಕಾರದ್ದು. ಅದರ ಮೇಲೆ ಒಡೆಯನ ಹೆಸರಿನ ಎರಡು ಅಕ್ಷರ. ಮೊನ್ನೆ ಒಂದನ್ನು ಮೊದಲಿಂದ ಕೊನೆಯವರೆಗೆ ನಾನೇ ಮುಗಿಸಿದೆ. ಆಗ ನಿಮ್ಮ ಬಂದೂಕಿನ ಬಿಲ್ಲೆ ನೆನಪಾಯಿತು. ಚಿಕ್ಕವಳಿದ್ದಾಗ ಅದನ್ನು ನನ್ನ ಫ್ರಾಕಿನಿಂದ ಉಜ್ಜಿ ಮುಖ ನೋಡಿಕೊಳ್ಳುತ್ತಿದ್ದೆ. ಇದರಲ್ಲಿ ಹೆಸರು ಯಾಕಿಲ್ಲ ಎಂದು ಕೇಳಿದ್ದಕ್ಕೆ ನೀವು, “ಹೆಸ್ರು ಹಾಕಿದ್ರೆ ಅದು ಮಾಡಿದ್ದೆಲ್ಲ ನನ್ನ ತಲೆಗೆ ಬರುತ್ತೆ. ಇದು ಕೆಲಸದ್ದು, ಖಾಲಿ ಇರ್ಲಿ” ಎಂದಿದ್ದಿರಿ. ಪಕ್ಕದಲ್ಲಿ ಕೀಲಿ ಮಾಮ ಚಹಾ ಕುಡಿಯುತ್ತಿದ್ದರು. ಸೊಂಟದಲ್ಲಿ ಸಂಬಳದ ಪೆಟ್ಟಿಗೆಯ ಕೀಲಿಗೊಂಚಲು. “ನಿಂಗೆ ಬೇಡದಿದ್ರೆ ನನ್ನ ಹೆಸ್ರು ಹಾಕ್ಸೋ, ಬೆಳ್ಳಿ ಯಾಕೆ ದಂಡ ಮಾಡ್ತೀಯ” ಎಂದು ನಕ್ಕಿದ್ದರು.

ಇಷ್ಟನ್ನು ಬರೆದ ಮೇಲೆ ಸ್ವಲ್ಪ ಹಗುರಾಯಿತು.

ನಿಮ್ಮ
ಬುಗುರಿ


ಮಾರ್ಚ್ 19

ಬುಗುರಿ,

ಕಾಗದ ಬಂತು. ಸಿಟ್ಟು ಬರಲಿಲ್ಲ. ನಿಮ್ಮಮ್ಮನಿಗೆ ಓದಿ ಹೇಳಿದೆ. ಕಪ್ಪಾದರೇನು ಬಂದೂಕಾದರೇನು, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಕೇಳಿ ಎಂದಳು. ಕೇಳಿದ್ದೇನೆ.

ನೀನು ಬರೆದದ್ದರಿಂದ ನನಗೆ ಒಂದು ದಾರಿ ಸಿಕ್ಕ ಹಾಗಾಯಿತು. ಬಂದೂಕನ್ನು ನಿಮ್ಮ ಅಂಗಡಿಗೆ ತರುತ್ತೇನೆ. ಬಿಲ್ಲೆಯ ಮೇಲೆ ನಿನ್ನ ಎರಡಕ್ಷರ ಕೆತ್ತು. ನಿನ್ನ ಕೈಯಿಂದಲೇ ಆಗಬೇಕು. ಆದ ಕೂಡಲೇ ತಿಳಿಸು, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಸ್ವಲ್ಪ ದಿನ ನನ್ನ ಹತ್ತಿರ ಇರಲಿ. ಆಮೇಲೆ ಅದು ನಿನಗೆ. ಲೈಸೆನ್ಸಿಗೆ ಏನು ಮಾಡಬೇಕೆಂದು ಬರೆದಿಡುತ್ತೇನೆ.

ಗಿರಣಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕೀಲಿಯ ಸಾವಿನ ವಿಚಾರಣೆ ಮುಗಿದ ಮೇಲೆ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಕುರ್ಚಿ ಚೆನ್ನಾಗಿತ್ತು.

ಅಪ್ಪ


ಏಪ್ರಿಲ್ 6

ಅಪ್ಪ,

ನೀವು ಬಂದಿದ್ದಿರಿ, ನಾನಿರಲಿಲ್ಲ. ಒಂದು ಶಾಲೆಗೆ ಆಟದ ಕಪ್ಪುಗಳನ್ನು ಕೊಟ್ಟುಬರಲು ಹೋಗಿದ್ದೆ. ಶಾಲೆ ಬಿಟ್ಟ ಮೇಲೆ ಶಾಲೆಯ ಗೇಟು ದಾಟಿದ್ದು ಅದೇ ಮೊದಲು, ಅದೂ ಆವತ್ತೇ ಆಗಬೇಕಿತ್ತು. ಬರುವ ದಿನ ಒಂದು ಸಾಲು ಬರೆದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ವಾಪಸು ಬಂದವಳು ಹಾಗೇ ಬಸ್ ನಿಲ್ದಾಣಕ್ಕೆ ಓಡಿದೆ. ನಿಮ್ಮ ಬಸ್ಸು ಹೊರಟುಹೋಗಿತ್ತು.

ದೊಡ್ಡಮ್ಮ ಎಲ್ಲವನ್ನೂ ಹೇಳಿದರು. ನೀವು ಕೂರಲಿಲ್ಲವಂತೆ, ನೀರು ಮಾತ್ರ ಕುಡಿದಿರಂತೆ. ಲೈಸೆನ್ಸು ತೋರಿಸಿ, ರಸೀದಿ ಬರೆಸಿಕೊಂಡು, ನನ್ನ ಜಾಗ ಯಾವುದು ಎಂದು ಕೇಳಿದಿರಂತೆ. “ನಿಮ್ಮಪ್ಪ ನಿನ್ನ ಸ್ಟೂಲು ಹಿಡಿದು ಅಲ್ಲಾಡಿಸಿದ್ರು ಕಣೇ. ಕಾಲು ಗಟ್ಟಿ ಇದೆಯಾ ಅಂತ. ನಾನೇನು ಮುರುಕು ಸ್ಟೂಲ್ ಕೊಡ್ತೀನಾ?” ಎಂದು ದೊಡ್ಡಮ್ಮ ಇನ್ನೂ ಗೊಣಗುತ್ತಿದ್ದಾರೆ. ಈಗ ನಾನೂ ಕೂರುವ ಮೊದಲು ಅದನ್ನು ಒಮ್ಮೆ ಅಲ್ಲಾಡಿಸುತ್ತೇನೆ.

ಬಿಲ್ಲೆಯನ್ನು ಮರದಿಂದ ಬಿಡಿಸಿದ್ದೇನೆ. ಅರಗಿನಲ್ಲಿ ಕೂರಿಸಿ, ಮೇಲೆ ಸುಣ್ಣದ ಪುಡಿ ಬಳಿದು, ನನ್ನ ಎರಡಕ್ಷರವನ್ನು ಸೀಸದಕಡ್ಡಿಯಲ್ಲಿ ಬರೆದೂ ಆಯಿತು. ಉಳಿ ಇಡಬೇಕು. ಇಟ್ಟಿಲ್ಲ. ದಿನಾ ಗುಂಡನ್ನು ತಿರುಗಿಸಿ ನೋಡಿ, ಬಟ್ಟೆ ಮುಚ್ಚಿ, ಬೇರೆ ಕೆಲಸಕ್ಕೆ ಕೈ ಹಾಕುತ್ತೇನೆ.

ಯಾಕೆಂದರೆ ಎರಡು ಸಂಗತಿ ನನಗೆ ಅರ್ಥವಾಗುತ್ತಿಲ್ಲ. ಇಷ್ಟು ಕಾಲ ಕಂಬಳಿಯೊಳಗಿದ್ದ ಬಂದೂಕು ಇಷ್ಟು ಚೊಕ್ಕಟವಾಗಿ ಇರುವುದಿಲ್ಲ. ನಳಿಗೆಯ ಒಳಗೆ ಹೊಸ ಎಣ್ಣೆಯ ವಾಸನೆ ಇದೆ. ಬೆರಳಿಡುವ ಕುದುರೆಯನ್ನು ಎಳೆದರೆ ನೀರಿನ ಹಾಗೆ ನಡೆಯುತ್ತದೆ. ಯಾರೋ ಈಚೆಗೆ ತುಂಬಾ ಸಲ ಬಿಚ್ಚಿ ಒರೆಸಿದ್ದಾರೆ. ಮನೆಯಲ್ಲಿ ಅದನ್ನು ಬಿಚ್ಚಲು ಬರುವುದು ನಿಮಗೊಬ್ಬರಿಗೇ.

ಇನ್ನೊಂದು, ಹೆಸರೇ ಬೇಡ ಎಂದವರು ಈಗ ನನ್ನ ಹೆಸರು ಹಾಕಿಸುತ್ತಿದ್ದೀರಿ. ಸ್ವಲ್ಪ ದಿನ ನನ್ನ ಹತ್ತಿರ ಇರಲಿ, ಆಮೇಲೆ ನಿನಗೆ ಎಂದು ಬರೆದಿದ್ದೀರಿ. ಯಾವುದರ ಆಮೇಲೆ?

ಇದಕ್ಕೆ ಉತ್ತರ ಬರೆಯಿರಿ, ಆಮೇಲೆ ಉಳಿ ಇಡುತ್ತೇನೆ.

ನಿಮ್ಮ
ಬುಗುರಿ


ಏಪ್ರಿಲ್ 20

ನನ್ನ ಬುಗುರಿಗೆ ಅಮ್ಮನ ಆಶೀರ್ವಾದ.

ನೀನು ಅಪ್ಪನಿಗೇ ಬರೀತೀಯ, ನನಗೆ ಬರೆಯಲ್ಲ. ಇರಲಿ. ನಾನೇ ಬರೀತಾ ಇದೀನಿ, ಯಾಕೆ ಅಂದ್ರೆ ಒಳ್ಳೇ ಸುದ್ದಿ ಹೊಟ್ಟೇಲಿ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ. ನಿಮ್ಮಪ್ಪ ಸರಿಹೋಗಿದಾರೆ ಕಣೇ. ಒಂದು ತಿಂಗಳಿಂದ ಬೇರೆ ಮನುಷ್ಯನೇ ಆಗಿದಾರೆ. ದಿನಾ ಗಡ್ಡ ಹೆರ್ಕೋತಾರೆ. ಹಿಂದಿನ ಬಾಗಿಲಿನ ಕೀಲು ಎಷ್ಟು ವರ್ಷದಿಂದ ಕಿರ್ರೋ ಅಂತಿತ್ತು, ಅದನ್ನ ಬಿಚ್ಚಿ ಸರಿ ಮಾಡಿದ್ರು. ಸೂರಿನ ತೂತು ಮುಚ್ಚಿದ್ರು. ನನ್ನನ್ನ ಪಿಂಚಣಿ ಕಚೇರಿಗೆ ಕರ್ಕೊಂಡು ಹೋಗಿ ಯಾವ ಕಿಟಕೀಲಿ ನಿಲ್ಲಬೇಕು, ಯಾರನ್ನ ಕೇಳಬೇಕು, ಎಲ್ಲಿ ಸಹಿ ಹಾಕಬೇಕು, ಎಲ್ಲಾ ಹೇಳಿಕೊಟ್ರು. ನಾನು, ನೀವಿರುವಾಗ ನನಗ್ಯಾಕೆ ಇವೆಲ್ಲ ಅಂದೆ. ಕಲ್ತಿರು ಅಂದ್ರು.

ಬೂಟುಗಳನ್ನ ಎದುರುಮನೆ ಬಡಗಿಗೆ ಕೊಟ್ಟುಬಿಟ್ಟಿದಾರೆ, ಹೊಸದರ ಹಾಗಿದ್ವು. ನನಗೆ ಹೊಟ್ಟೆ ಉರೀತು, ಆದರೆ ಸುಮ್ಮನಿದ್ದೆ. ಕೊಡೋ ಮನಸ್ಸು ಬಂತಲ್ಲ, ಅದೇ ದೊಡ್ಡದು. ಮೊನ್ನೆ ಕೀಲಿ ಅಣ್ಣನ ಹೆಂಡತಿ ಮನೆಗೂ ಹೋಗಿ ಬಂದ್ರು. ಇಷ್ಟು ದಿನ ಆ ಬೀದಿಗೇ ಕಾಲಿಟ್ಟಿರಲಿಲ್ಲ. ಬಂದು ಎರಡು ಸಲ ಬಡಿಸಿಕೊಂಡು ಉಂಡ್ರು. ನಿನ್ನ ವಿಷಯ ಬಂದಾಗ ನಕ್ಕೂಬಿಟ್ರು.

ಆ ಬಂದೂಕಿನ ಕೆಲಸ ಬೇಗ ಮುಗಿಸಿ ಕೊಡಬಾರದಾ? ಅದೊಂದು ಆಗಿಬಿಟ್ರೆ ಎಲ್ಲಾ ಆದ ಹಾಗೆ ಅಂತ ದಿನಾ ಅಂತಾರೆ. ಬಾಗಿಲ ಹತ್ತಿರ ನಿಂತು ಅಂಚೆಯವನ ದಾರಿ ಕಾಯ್ತಾರೆ.

ಕೂದಲಿಗೆ ಎಣ್ಣೆ ಹಚ್ಚು.

ನಿನ್ನ ಅಮ್ಮ


ಏಪ್ರಿಲ್ 24

ಅಮ್ಮ,

ಇದನ್ನು ಅಪ್ಪ ಮನೆಯಲ್ಲಿಲ್ಲದಾಗ ಓದು. ಓದುವಾಗ ಕೂತುಕೋ.

ನಿನ್ನ ಕಾಗದದಲ್ಲಿ ಒಳ್ಳೆಯದು ಎಂದು ನೀನು ಬರೆದದ್ದನ್ನೆಲ್ಲ ನಾನು ಮತ್ತೆ ಮತ್ತೆ ಓದಿದೆ. ಬಾಗಿಲು, ಸೂರು, ಬೂಟು, ಪಿಂಚಣಿ ಕಿಟಕಿ. ಅಮ್ಮ, ದೂರ ಹೊರಟವರು ಮಾಡುವ ಕೆಲಸ ಇವು. ನಾನು ಮನೆ ಬಿಡುವ ಹಿಂದಿನ ವಾರ ನನ್ನ ಪುಸ್ತಕಗಳನ್ನೆಲ್ಲ ಹಂಚಿದ್ದೆ, ನಿನಗೆ ನೆನಪಿದೆಯಾ? ಆಗಲೂ ನೀನು, ಹುಡುಗಿಗೆ ಬುದ್ಧಿ ಬಂತು ಎಂದು ಸಂತೋಷಪಟ್ಟಿದ್ದೆ.

ನಿನಗೆ ಗಾಬರಿಯಾಗುತ್ತದೆ ಎಂದು ಸುಳ್ಳು ಹೇಳಲಾರೆ. ಅಪ್ಪ ಬದುಕಿರುವ ಮನಸ್ಸು ಬಿಟ್ಟಿದ್ದಾರೆ ಎಂದು ನನಗೆ ಭಯ. ನನ್ನ ಭಯ ತಪ್ಪಾದರೆ ನೀವಿಬ್ಬರೂ ನನ್ನ ಮುಖಕ್ಕೆ ಉಗಿಯಿರಿ, ನಾನು ಒರೆಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವರನ್ನು ಒಬ್ಬರನ್ನೇ ಬಿಡಬೇಡ. ಗಿರಣಿಯ ಆಸ್ಪತ್ರೆಯ ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳು.

ನಾನು ಈಗಲೇ ಓಡಿಬರಬೇಕು. ಆದರೆ ಬಂದೂಕು ಇಲ್ಲಿದೆ. ರಸೀದಿ ಅಪ್ಪನ ಹತ್ತಿರ ಇದೆ. ನಾನು ಅಲ್ಲಿಗೆ ಹೊರಟ ದಿನ ಅವರು ಇಲ್ಲಿಗೆ ಹೊರಟರೆ? ನೀನು ಅವರನ್ನು ನೋಡಿಕೋ, ನಾನು ಇದನ್ನು ನೋಡಿಕೊಳ್ಳುತ್ತೇನೆ. ನನ್ನನ್ನು ಕೂರಿಸಲು ಶಾಲೆಯವರಿಗೆ ಆಗಲಿಲ್ಲ. ಈಗ ಕೂತಿದ್ದೇನೆ.

ಬುಗುರಿ


ಮೇ 9

ಬುಗುರಿ,

ನಿಮ್ಮಮ್ಮನಿಗೆ ಏನು ಬರೆದೆ? ಹಿತ್ತಲಿಗೆ ಹೋದರೂ ಹಿಂದೆ ಬರುತ್ತಾಳೆ. ಬಚ್ಚಲ ಬಾಗಿಲಾಚೆ ನಿಂತು, ನಾಳೆ ಏನು ಅಡುಗೆ ಮಾಡಲಿ ಎಂದು ಕೇಳುತ್ತಾಳೆ. ನಾನು ಸುಮ್ಮನಿದ್ದರೆ ಬಾಗಿಲು ಬಡಿಯುತ್ತಾಳೆ. ಈ ವಯಸ್ಸಿನಲ್ಲಿ ನನ್ನನ್ನು ಎಳೆಮಗುವಿನ ಹಾಗೆ ಕಾಯುವ ಕೆಲಸ ಅವಳಿಗೆ ಯಾಕೆ ಹಚ್ಚಿದೆ?

ಎರಡಕ್ಷರ ಕೆತ್ತಲು ಎಷ್ಟು ದಿನ ಬೇಕು ಎಂದು ನನಗೂ ಗೊತ್ತು. ಈ ತಿಂಗಳ 24ಕ್ಕೆ ಬರುತ್ತೇನೆ. ಕೆತ್ತಿದ್ದರೂ ಸರಿ, ಬಿಟ್ಟಿದ್ದರೂ ಸರಿ. ಬಂದೂಕು ನನ್ನದು.

ಅಪ್ಪ


ಮೇ 12

ಅಪ್ಪ,

ಬಂದೂಕು ನಿಮ್ಮದು, ಒಪ್ಪಿದೆ. ನೀವು ರಸೀದಿ ತೋರಿಸಿದರೆ ದೊಡ್ಡಮ್ಮ ಕೊಡಲೇಬೇಕಾಗುತ್ತದೆ. ಇದನ್ನು ನಿಮಗೆ ಹೇಳದೆ ಬಚ್ಚಿಡಬಹುದಿತ್ತು, ಬಚ್ಚಿಡುವುದಿಲ್ಲ.

ಆದರೆ ಇಲ್ಲಿ ಒಂದು ಪದ್ಧತಿ ಇದೆ. ನೀವು ಅವಸರದಲ್ಲಿ ಹೊರಟದ್ದರಿಂದ ದೊಡ್ಡಮ್ಮನಿಗೆ ಹೇಳಲು ಆಗಲಿಲ್ಲವಂತೆ. ಅಕ್ಷರ ಕೆತ್ತಿ ಬಿಲ್ಲೆಯನ್ನು ಮರಕ್ಕೆ ಕೂರಿಸುವ ದಿನ, ಆ ಅಕ್ಷರ ಯಾರದೋ ಅವರೇ ಅಂಗಡಿಗೆ ಬರಬೇಕು. ಕನ್ನಡಿಯ ಮುಂದೆ ನಿಂತು ಬಂದೂಕನ್ನು ಹೆಗಲಿಗೆ ಆನಿಸಬೇಕು. ಆಮೇಲೆ ಮೊಳೆ. ಆಮೇಲೆ ಅವರ ಕೈಗೇ ಬಂದೂಕು. ಅಪ್ಪನದನ್ನು ಮಗನಿಗೆ, ಅಣ್ಣನದನ್ನು ತಮ್ಮನಿಗೆ ಕೊಟ್ಟು ಕಳಿಸುವ ಮಾತೇ ಇಲ್ಲ. ದೊಡ್ಡಮ್ಮನ ತಂದೆಯ ಕಾಲದಿಂದ ಹೀಗೇ. ಸರ್ಕಾರದ ಕಾನೂನಲ್ಲ, ಈ ಅಂಗಡಿಯ ಹಟ. ಇದಕ್ಕಾಗಿ ಎಷ್ಟೋ ಗಿರಾಕಿಗಳ ಜೊತೆ ಜಗಳವಾಡಿದ್ದಾರೆ.

ಹಾಗಾದರೆ ನನ್ನ ಅಕ್ಷರ ಕೆತ್ತಿಬಿಡುತ್ತೇನೆ, ಆಗ ಬಂದೂಕು ನನ್ನ ಕೈಗೇ ಬರುತ್ತದಲ್ಲ ಎಂದು ದೊಡ್ಡಮ್ಮನಿಗೆ ಹೇಳಿದೆ. ಅವರು ಕಣ್ಣಿನಿಂದ ಭೂತಗನ್ನಡಿ ತೆಗೆದರು. ಊಟದ ಹೊತ್ತು ಆಗಿರಲಿಲ್ಲ.

“ನಿಮ್ಮಪ್ಪನಿಗೆ ಬಲೆ ಹಾಕ್ತಿದೀಯ?”

“ಹೌದು.”

“ಕೇಳಿದ್ರೆ ಏನ್ ಹೇಳ್ತೀಯ?”

“ಬಲೆ ಅಂತಾನೇ ಹೇಳ್ತೀನಿ.”

“ಹಾಗಿದ್ಮೇಲೆ ಅದು ಬಲೆ ಹೇಗಾಗುತ್ತೆ ಮಾರಾಯ್ತಿ? ಕೆತ್ತೋದು ಬಿಡು, ಮೊದ್ಲು ಕೇಳೋದನ್ನ ನೆಟ್ಟಗೆ ಕೇಳು.”

ಅದಕ್ಕೇ ಕೇಳುತ್ತಿದ್ದೇನೆ. ಕಳೆದ ಸಲ ಸುತ್ತಿ ಬಳಸಿ ಕೇಳಿದೆ, ನೀವು ಉತ್ತರ ಕೊಡಲಿಲ್ಲ. ಅಪ್ಪ, ನೀವು ಸಾಯಬೇಕು ಅಂದುಕೊಂಡಿದ್ದೀರಾ? ಅದಕ್ಕೇ ಬಂದೂಕು ವಾಪಸು ಬೇಕಾ? ನಿಮ್ಮ ಜೀವ ತೆಗೆದ ಮೇಲೆ ಅದು ನನಗೆ ಬರಲಿ, ಅದರ ಮೇಲೆ ನನ್ನ ಹೆಸರು ಇರಲಿ ಅಂತಲಾ? ಹೆಸರಿದ್ದರೆ ಅದು ಮಾಡಿದ್ದೆಲ್ಲ ಹೆಸರಿನವರ ತಲೆಗೆ ಬರುತ್ತದೆ ಎಂದವರು ನೀವೇ. ಅದು ನಿಮಗೆ ಮಾಡುವುದನ್ನು ನನ್ನ ತಲೆಗೆ ಕಟ್ಟುತ್ತಿದ್ದೀರಿ ಎಂದು ನಿಮಗೆ ಹೊಳೆಯಲಿಲ್ಲವಾ?

ಸೀಸದಕಡ್ಡಿಯ ಅಕ್ಷರವನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ಬಿಲ್ಲೆ ಖಾಲಿ ಇದೆ. 24ಕ್ಕೆ ಬನ್ನಿ. ನಾನು ಬಾಗಿಲಲ್ಲೇ ಇರುತ್ತೇನೆ. ನಿಮ್ಮ ಕೈಯಿಂದ ಕಿತ್ತುಕೊಳ್ಳುವಷ್ಟು ಬಲ ನನಗಿಲ್ಲ, ಆದರೆ ನೀವು ಹೋದಲ್ಲೆಲ್ಲ ಬರುತ್ತೇನೆ. ಅಮ್ಮ ಬಚ್ಚಲ ಹೊರಗೆ ನಿಂತದ್ದೇ ನಿಮಗೆ ಕಿರಿಕಿರಿಯಾದರೆ ನನ್ನನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ.

ನಿಮ್ಮ
ಬುಗುರಿ


ಮೇ 25

ಅಪ್ಪ,

ನಿನ್ನೆ ನೀವು ಬರಲಿಲ್ಲ. ಬಸ್ಸು ಬಂದಾಗಲೆಲ್ಲ ನಿಲ್ದಾಣಕ್ಕೆ ಹೋಗಿ ಇಳಿಯುವವರ ಮುಖ ನೋಡಿದೆ. ಯಾರೋ ಒಬ್ಬರು ನಿಮ್ಮ ಹಾಗೇ ಬಲಗಾಲು ಮೊದಲು ಇಟ್ಟು ಇಳಿದರು, ಹತ್ತಿರ ಓಡಿಹೋಗಿ ನೋಡಿದೆ. ನೀವಲ್ಲ. ಬರಲಿಲ್ಲವೆಂದು ಸಂತೋಷಪಡಲೋ, ಹೆದರಲೋ ತಿಳಿಯುತ್ತಿಲ್ಲ.

ಬೈದಾದರೂ ಒಂದು ಸಾಲು ಬರೆಯಿರಿ. ಅಮ್ಮ ಬರೆದರೂ ಸಾಕು.

ಬುಗುರಿ


ಜೂನ್ 13

ಬುಗುರಿ,

ನಿನ್ನ ಪ್ರಶ್ನೆಗೆ ಉತ್ತರ, ಹೌದು. ಈಗ ಏನು ಎಂದರೆ ಗೊತ್ತಿಲ್ಲ. ನಿನಗೆ ಸುಳ್ಳು ಬರೆದರೆ ನೀನು ಹಿಡಿಯುತ್ತೀಯ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

24ರಂದು ಬಟ್ಟೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ನಿಮ್ಮಮ್ಮ ಚೀಲ ಹಿಡಿದುಕೊಂಡು ಹಿಂದೆಯೇ ಬಂದಳು. ಎಲ್ಲಿಗೆ ಅಂತ ಕೇಳಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. ಬಸ್ಸು ಬಂತು, ಕಂಡಕ್ಟರ್ ಕೂಗಿದ. ಅವಳು, “ಹತ್ತಲ್ವಾ? ನೀವು ಹತ್ತಿದ್ರೆ ನಾನೂ ಹತ್ತೋಳೇ” ಅಂದಳು. ಬಸ್ಸು ಹೋಯಿತು. ಅವಳ ಚೀಲದಲ್ಲಿ ಏನಿದೆ ಎಂದು ನೋಡಿದೆ. ನನ್ನ ಎರಡು ಅಂಗಿ, ಅವಳ ಒಂದು ಸೀರೆ. ಮನೆಗೆ ಬಂದೆವು. ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನವನು. ಮಾತ್ರೆ ಕೊಡುತ್ತಾನೆ, ವಾರಕ್ಕೊಂದು ಸಲ ಕೂರಿಸಿ ಮಾತಾಡಿಸುತ್ತಾನೆ. ಅವನಿಗೆ ಹೇಳಿದ್ದನ್ನು ನಿನಗೂ ಹೇಳಬೇಕು.

ಗಿರಣಿಯ ಹಿಂದಿನ ರಸ್ತೆಯಲ್ಲಿ ಗಾಡಿ ತಡೆದವರು ಇಬ್ಬರು. ಒಬ್ಬ ಕೀಲಿಯನ್ನು ಹಿಂದಿನಿಂದ ಹಿಡಿದುಕೊಂಡಿದ್ದ. ಬಂದೂಕು ನನ್ನ ಹೆಗಲಲ್ಲಿತ್ತು, ಗುರಿ ಇಟ್ಟಿದ್ದೆ. ಚರೆ ತುಂಬಿದ ಬಂದೂಕು ಅದು. ಸಿಡಿದು ಚದುರಿದರೆ ಹಿಡಿದವನು, ಹಿಡಿಸಿಕೊಂಡವನು ಎಂದು ನೋಡುವುದಿಲ್ಲ. ವಿಚಾರಣೆಯವರಿಗೆ ಇದನ್ನೆಲ್ಲ ಹೇಳಿದ್ದೆ. ಹೊಡೆಯದೆ ಇದ್ದದ್ದು ಸರಿ ಎಂದು ಅವರೂ ಬರೆದರು. ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದೇ ಮಾತು. ಕೀಲಿ ನನ್ನ ಮುಖ ನೋಡಿ, “ಹೊಡಿಯೋ, ಏನ್ ನೋಡ್ತಾ ನಿಂತಿದೀಯ” ಅಂದ. ಹೆದರಿದ ದನಿಯಲ್ಲ. ಚಹಾ ಆರುತ್ತಿದ್ದರೆ ಬೈಯುತ್ತಿದ್ದನಲ್ಲ, ಅದೇ ದನಿ. ನಾನು ಬಂದೂಕು ಇಳಿಸಿದೆ. ಇಳಿಸಿದರೆ ಅವನನ್ನು ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ.

ಆ ಮಾತು ದಿನಾ ಕೇಳಿಸುತ್ತದೆ. ಹೊಡೆದಿದ್ದರೆ ಅವನು ಉಳಿಯುತ್ತಿದ್ದನೋ, ನನ್ನ ಕೈಯಲ್ಲೇ ಹೋಗುತ್ತಿದ್ದನೋ. ಯಾವುದು ಎಂದು ಯಾರೂ ಹೇಳಲಾರರು. ಡಾಕ್ಟರೂ ಹೇಳಲಿಲ್ಲ. ಹೇಳಲು ಹೋಗಲಿಲ್ಲವಲ್ಲ, ಅದಕ್ಕೇ ಅವನ ಮೇಲೆ ಸ್ವಲ್ಪ ನಂಬಿಕೆ ಬಂತು.

ಕೀಲಿಯ ಹೆಂಡತಿಗೂ ಹೇಳಿದೆ. ಅವಳು, ಅವನು ಯಾವಾಗಲೂ ಅವಸರದ ಮನುಷ್ಯ ಎಂದಳು.

ನಿನ್ನ ಅಕ್ಷರ ಹಾಕಿಸಲು ಹೊರಟದ್ದು ತಪ್ಪು. ನಿನಗೆ ಏನಾದರೂ ಬಿಟ್ಟುಹೋಗಬೇಕು ಅನ್ನಿಸಿತು, ಇದ್ದದ್ದು ಅದೊಂದೇ. ಅದು ನಿನ್ನ ತಲೆಗೆ ಬರುತ್ತದೆ ಎಂದು ಹೊಳೆಯಲಿಲ್ಲ. ನೀನು ಬರೆದ ಮೇಲೆ ಆ ಸಾಲನ್ನು ಎಷ್ಟು ಸಲ ಓದಿದೆನೋ.

ಬಿಲ್ಲೆ ಖಾಲಿ ಬಿಡಬೇಡ. ಕೀಲಿಯ ಅಕ್ಷರ ಕೆತ್ತು. ಅವನ ಪೂರ್ತಿ ಹೆಸರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ, ನಿನಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಅಂಗಡಿಯ ಪದ್ಧತಿಯ ಬಗ್ಗೆ ನೀನು ಬರೆದದ್ದನ್ನು ಸರಿಯಾಗಿ ಓದಿಕೊಂಡೇ ಇದನ್ನು ಹೇಳುತ್ತಿದ್ದೇನೆ. ರಸೀದಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಅಪ್ಪ


ಜೂನ್ 30

ಅಪ್ಪ,

ಕೀಲಿ ಮಾಮನಿಗೆ ಅಷ್ಟು ಉದ್ದದ ಹೆಸರಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಅವರ ತೊಡೆಯ ಮೇಲೆ ಕೂತು ಕೀಲಿಗೊಂಚಲು ಆಡಿಸಿದವಳು, ಹೆಸರು ಕೇಳಿರಲಿಲ್ಲ. ಕಾಗದದ ಹಿಂದೆ ಓದಿದಾಗ ಯಾರೋ ಬೇರೆಯವರು ತೀರಿಕೊಂಡಂತಾಯಿತು. ಹೊಸದಾಗಿ ಅತ್ತುಬಿಟ್ಟೆ.

ದೊಡ್ಡಮ್ಮ ಮೊದಲು ಒಪ್ಪಲಿಲ್ಲ. ಬರಲಾರದವರ ಅಕ್ಷರವನ್ನು ಈ ಅಂಗಡಿಯಲ್ಲಿ ಯಾವತ್ತೂ ಕೆತ್ತಿಲ್ಲ ಎಂದರು. ಹಾಗೆ ಕೆತ್ತಿದರೆ ಬಿಲ್ಲೆಯನ್ನು ಯಾರ ಎದುರು ಕೂರಿಸುವುದು, ಯಾರ ಕೈಗೆ ಕೊಡುವುದು? ನಾನು ನಿಮ್ಮ ಕಾಗದವನ್ನು ಅವರ ಮುಂದೆ ಇಟ್ಟೆ. ನಿಮ್ಮನ್ನು ಕೇಳದೆ ತೋರಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಓದಿದರು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

“ನಿಮ್ಮ ಕೀಲಿ ಮಾಮ ಬರೋವರ್ಗೂ ಇರ್ಲಿ ಬಿಡು. ಅವರೇ ಬಂದು ತೊಗೊಂಡು ಹೋಗ್ಲಿ” ಎಂದರು.

ಕೆತ್ತಲು ನನಗೆ ಬಹಳ ದಿನ ಹಿಡಿಯಿತು. ಮೊದಲನೇ ಅಕ್ಷರಕ್ಕೆ ಒಂದು ದೊಡ್ಡ ಬಳುಕು ಇದೆ. ಅಲ್ಲಿ ಗುಂಡನ್ನು ಉಸಿರು ಬಿಗಿಹಿಡಿದು ತಿರುಗಿಸಿದೆ. ಎರಡನೆಯದು ಸುಲಭ. ಮುಗಿದ ಮೇಲೆ ದೊಡ್ಡಮ್ಮ ಭೂತಗನ್ನಡಿ ಹಾಕಿ ನೋಡಿದರು, ತಪ್ಪು ಹುಡುಕಿದರು, ಸಿಗಲಿಲ್ಲ. ಸಿಗಲಿಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳದೆ ನನ್ನ ಮುಂದೆ ಚಹಾ ಇಟ್ಟರು.

ಬಿಲ್ಲೆ ಕೂರಿಸುವಾಗ ಕನ್ನಡಿಯ ಮುಂದೆ ಬಂದೂಕು ಹಿಡಿದು ನಿಲ್ಲುವವರು ಯಾರೂ ಇರಲಿಲ್ಲ. ಬಂದೂಕನ್ನು ಕನ್ನಡಿಗೆ ಒರಗಿಸಿದೆವು. ಆಮೇಲೆ ಮೊಳೆ ಹೊಡೆದೆ. ಅಪ್ಪ, ಆ ಬೆಳ್ಳಿ ದಂಡವಾಗಲಿಲ್ಲ.

ಈಗ ಅದು ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿದೆ. ನಳಿಗೆ ಬೇರೆ, ಮರ ಬೇರೆ ಮಾಡಿ ಇಟ್ಟಿದ್ದೇವೆ. ಬೀಗದ ಕೈ ದೊಡ್ಡಮ್ಮನ ಹತ್ತಿರ. ಅದು ಇಲ್ಲೇ ಉಳಿಯಲು ಬೇಕಾದ ಕಾನೂನಿನ ಕಾಗದಪತ್ರಗಳನ್ನು ಅವರು ಸರಿಮಾಡಿಸುತ್ತಾರೆ, ನೀವು ಒಂದು ಸಹಿ ಹಾಕಬೇಕು. ಸಹಿ ಹಾಕದೆ ನಾಳೆ ಬಂದು ನನ್ನದು ಕೊಡಿ ಎಂದು ನೀವು ಹಟ ಹಿಡಿದರೆ, ರಸೀದಿ ಇಲ್ಲದೆಯೂ ದೊಡ್ಡಮ್ಮ ಕೊಡಬೇಕಾದೀತು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಎಲ್ಲಾ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಸರಿಹೋಗಿದೆಯೋ ಇಲ್ಲವೋ ನನಗೆ ಕಾಣುವುದಿಲ್ಲ, ನಾನು ಇಲ್ಲಿದ್ದೇನೆ, ನೀವು ಅಲ್ಲಿದ್ದೀರಿ. ಮಾತ್ರೆ ಬಿಡಬೇಡಿ. ಬಿಟ್ಟರೆ ಬಿಟ್ಟೆ ಎಂದು ಹೇಳಿ.

ಬಸ್ ನಿಲ್ದಾಣವೊಂದನ್ನು ಬಿಟ್ಟರೆ ಏಪ್ರಿಲ್ ಆರಂಭದಿಂದ ನಾನು ಈ ಬೀದಿ ದಾಟಿಲ್ಲ. ಕಪ್ಪುಗಳನ್ನು ತಲುಪಿಸಲೂ ದೊಡ್ಡಮ್ಮನೇ ಹೋಗುತ್ತಿದ್ದರು. ಹೋಗುವಾಗಲೆಲ್ಲ, “ಕಾವಲುಗಾರನ ಮಗಳು ಕಾವಲುಗಾರ್ತಿ” ಎಂದು ಚುಚ್ಚುತ್ತಿದ್ದರು. ಇವತ್ತು ನಾನಾಗಿಯೇ ರಜೆ ಕೇಳಿದೆ. ಬಂದೂಕು ಬಿಟ್ಟು ಹೋಗಲು ಧೈರ್ಯ ಬಂತಾ ಎಂದು ಕೇಳಿದರು. ಪೂರ್ತಿ ಬಂದಿಲ್ಲ ಎಂದೆ. ಹೋಗಿ ಬಾ ಎಂದರು.

ಅಮ್ಮನಿಗೆ ಹೇಳಿ, ತಲೆಗೆ ಎಣ್ಣೆ ಹಚ್ಚಿಕೊಂಡಿಲ್ಲ, ಅವಳೇ ಹಚ್ಚಲಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಬುಗುರಿ